ರಾಯಚೂರಿನಿಂದ ಕಾಶಿಗೆ: ಒಂದು ಭಾನುವಾರದ ಲೆಕ್ಕಾಚಾರ

ಶಕ್ತಿನಗರದ ಬಳಿ ಕೃಷ್ಣೆಯನ್ನು ದಾಟಿ, ಮಕ್ತಲ್, ಮಹಬೂಬ್‌ನಗರಗಳ ಮೇಲೆ ಜಡ್ಚರ್ಲಾ ತಲುಪಿದರೆ, ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಹಾಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ 44 ಸಿಗುತ್ತದೆ. ದೇಶದ ಅತಿ ಉದ್ದದ ಹೆದ್ದಾರಿ ರಾಯಚೂರಿಗೆ ಇಷ್ಟು ಹತ್ತಿರದಲ್ಲಿರುವಾಗ ಸ್ವಂತ ಕಾರಿನಲ್ಲೇ ಉತ್ತರ ಭಾರತಕ್ಕೆ ಹೋಗಿಬರಬೇಕೆಂಬ ಆಸೆ ನಮ್ಮ ಮನೆಯಲ್ಲಿ ಬಹಳ ಕಾಲದಿಂದ ಇತ್ತು. ರೈಲಿನಲ್ಲಿ ಹೋಗಬಹುದಿತ್ತು, ಏಜೆಂಟರ ಯಾತ್ರಾ ಬಸ್ಸುಗಳೂ ಇವೆ. ಆದರೆ ಮೊಣಕಾಲು ನೋವಿರುವ ಅವ್ವನಿಗೆ ಬೇಕೆನಿಸಿದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವ, ಸಾಕೆನಿಸಿದಲ್ಲಿ ಆ ದಿನದ ಪಯಣ ಮುಗಿಸುವ ಅನುಕೂಲ ಸ್ವಂತ ಗಾಡಿಯಲ್ಲಿ ಮಾತ್ರ ಇರುತ್ತದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಶ್ರಾವಣದ ಒಂದು ಭಾನುವಾರ ಊಟ ಮುಗಿಸಿ ಎಲ್ಲರೂ ನಕಾಶೆ ಹರಡಿಕೊಂಡು ಕುಳಿತೆವು. ಮಗನಿಗೆ ಹಿಮಾಚಲದ ಹಿಮ ಬೇಕಿತ್ತು, ಹೆಂಡತಿಗೆ ಕಚ್ಛದ ಬಿಳಿ ರಣ್, ಅವ್ವನಿಗೆ ಕಾಶಿ. ನಾನು ಶಿಕ್ಷಕನಾದ್ದರಿಂದ ನಮಗೆ ಒದಗುವ ದೀರ್ಘ ರಜೆಗಳು ಎರಡೇ, ಬೇಸಿಗೆ ಮತ್ತು ದಸರಾ. ಬೇಸಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ರಾಯಚೂರಿನ ಬಿಸಿಲು ಕಂಡವರಿಗೆ ವಿದರ್ಭದ ಮೇ ತಿಂಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಸರಾ ರಜೆಯನ್ನು ಮುಂದಿಟ್ಟುಕೊಂಡು ನೋಡಿದಾಗ ಮೂರು ಆಸೆಗಳೂ ಬೇರೆ ಬೇರೆ ಋತುವಿಗೆ ಸೇರಿದವು ಎಂಬುದು ತಿಳಿಯಿತು. 2020ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗದಿಂದಾಗಿ, 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗವನ್ನು ಹತ್ತದೆಯೇ ಮನಾಲಿಯಿಂದ ಲಾಹೌಲ್‌ಗೆ ಹೋಗಬಹುದು ನಿಜ. ಆದರೆ ದಸರೆಯ ಹೊತ್ತಿಗೆ ಅಲ್ಲಿ ಹಿಮ ಸಾಮಾನ್ಯವಾಗಿ ಶಿಖರಗಳ ಮೇಲಿರುತ್ತದೆಯೇ ಹೊರತು ರಸ್ತೆಯ ಪಕ್ಕದಲ್ಲಿ ಮಕ್ಕಳ ಕೈಗೆ ಸಿಗುವುದಿಲ್ಲ. ಅದಲ್ಲದೆ 2,500 ಮೀಟರ್ ದಾಟಿದ ಮೇಲೆ ಎತ್ತರದ ಬೇನೆ ಯಾರಿಗಾದರೂ ಬರಬಹುದಾದ್ದರಿಂದ, ರಕ್ತದೊತ್ತಡದ ಮಾತ್ರೆ ನುಂಗುವ ಅವ್ವನನ್ನು ಅವಸರದಲ್ಲಿ ಅಷ್ಟು ಮೇಲಕ್ಕೆ ಕರೆದೊಯ್ಯಲು ನನಗೆ ಮನಸ್ಸಾಗಲಿಲ್ಲ. ಕಚ್ಛದ ರಣ್‌ನಲ್ಲಿ ಮಳೆಗಾಲದ ನೀರು ಇಂಗಿ ಉಪ್ಪು ಬೆಳ್ಳಗೆ ಹೆಪ್ಪುಗಟ್ಟುವುದಕ್ಕೆ ನವೆಂಬರ್ ಬರಬೇಕು. ಕಾಶಿಗಾದರೆ ಡಿಸೆಂಬರ್, ಜನವರಿಗಳೇ ಕೆಟ್ಟ ಕಾಲ, ಏಕೆಂದರೆ ಆಗ ಗಂಗೆಯ ಬಯಲಿನಲ್ಲಿ ಮುಂದಿನ ಲಾರಿಯೂ ಕಾಣದಷ್ಟು ಮಂಜು ಕವಿಯುತ್ತದೆ. ದಸರೆಯಲ್ಲಿ ಆ ಮಂಜು ಇರುವುದಿಲ್ಲ. ಹೀಗೆ ಅವ್ವನ ಆಸೆಯೇ ಗೆದ್ದಿತು. ಮಗ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರೂ ಕಾರಣಗಳನ್ನು ಕೇಳಿ ಒಪ್ಪಿಕೊಂಡ.

ಸಂಜೆಯ ಹೊತ್ತಿಗೆ ನಮ್ಮ ಓಣಿಯ ಕಾಕಾ ಬಂದರು. ಸಿಂಧನೂರಿನ ಅಕ್ಕಿಯನ್ನೂ ರಾಯಚೂರಿನ ಹತ್ತಿಯನ್ನೂ ಹೇರಿಕೊಂಡು ಅರ್ಧ ದೇಶ ತಿರುಗಿದ ಲಾರಿ ಚಾಲಕರು ಅವರು. ಮೊಬೈಲಿನ ನಕಾಶೆಯು ಬೆಳಿಗ್ಗೆ ಬೇಗ ಹೊರಟರೆ ರಾತ್ರಿಗೆ ನಾಗಪುರ ಸೇರಬಹುದೆಂದು ತೋರಿಸುತ್ತಿದ್ದುದನ್ನು ನೋಡಿ ತಲೆಯಾಡಿಸಿದರು. "ತಮ್ಮಾ, ಎಷ್ಟು ಕಿಲೋಮೀಟರ್ ಅಂತ ನೋಡಬ್ಯಾಡ, ಹೊತ್ತು ಎಷ್ಟಕ್ಕ ಮುಳುಗತೈತಿ ಅಂತ ನೋಡು. ಹೊತ್ತು ಮುಳುಗೂದ್ರಾಗ ಗಾಡಿ ನಿಂತಿರಬೇಕು" ಎಂದರು. ಸುಗ್ಗಿಯ ಕಾಲದಲ್ಲಿ ಸಿಂಧನೂರಿನ ರಸ್ತೆಯಲ್ಲಿ ಹಿಂದಿನ ದೀಪವಿಲ್ಲದೆ ಸಾಗುವ ಭತ್ತದ ಟ್ರ್ಯಾಕ್ಟರುಗಳನ್ನು ಕತ್ತಲಲ್ಲಿ ಕಂಡು ಎದೆ ಝಲ್ಲೆಂದ ಅನುಭವ ನನಗೂ ಇರುವುದರಿಂದ ಆ ಮಾತು ನೇರವಾಗಿ ನಾಟಿತು.

ಹೊತ್ತಿನ ಲೆಕ್ಕ ಹಿಡಿದರೆ ಪೂರ್ವಕ್ಕೆ ಹೋಗುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಭಾರತದ ಗಡಿಯಾರಕ್ಕೆ ಆಧಾರವಾದ 82.5 ಡಿಗ್ರಿ ರೇಖಾಂಶ ಕಾಶಿಯ ಹತ್ತಿರದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ನಾವು ಅದಕ್ಕೆ ಐದು ಡಿಗ್ರಿ ಪಶ್ಚಿಮದಲ್ಲಿದ್ದೇವೆ. ಆದ್ದರಿಂದ ಅಕ್ಟೋಬರಿನಲ್ಲಿ ಅಲ್ಲಿ ಸೂರ್ಯ ನಮಗಿಂತ ಅರ್ಧ ಗಂಟೆಯಷ್ಟು ಬೇಗ ಮುಳುಗುತ್ತಾನೆ. ಇಡೀ ದೇಶಕ್ಕೆ ಗಡಿಯಾರ ಒಂದೇ ಆದರೂ ಹಗಲು ಒಂದೇ ಅಲ್ಲ. ಕಚ್ಛದಲ್ಲಿ ಚಹಾ ಕುಡಿದು ನಿರಾಳವಾಗಿ ಹೊರಡಬಹುದಾದ ಹೊತ್ತಿಗೆ ಅರುಣಾಚಲದಲ್ಲಿ ದೀಪ ಹಚ್ಚಿರುತ್ತಾರೆ. ಇದನ್ನು ಗಮನಿಸಿ, ಬೆಳಿಗ್ಗೆ ಬೇಗ ಹೊರಟು ಸಂಜೆ ಐದಕ್ಕೆಲ್ಲ ತಂಗುವ ಊರು ಸೇರುವಂತೆ ದಿನಗಳನ್ನು ಹಂಚಿದೆವು.

ಮೊದಲ ತಂಗುದಾಣ ತೆಲಂಗಾಣದ ನಿರ್ಮಲ್. ಶಂಷಾಬಾದಿನಲ್ಲಿ ಹೊರವರ್ತುಲ ರಸ್ತೆ ಹತ್ತಿ ಮೇಡ್ಚಲ್ ಕಡೆ ಇಳಿದರೆ ಹೈದರಾಬಾದಿನ ಒಳಗೆ ಕಾಲಿಡದೆಯೇ ಮುಂದೆ ಹೋಗಬಹುದು. ನಿರ್ಮಲ್‌ನ ಕಟ್ಟಿಗೆಯ ಗೊಂಬೆಗಳನ್ನು ನೋಡಬೇಕೆಂದು ಹೆಂಡತಿ ಆಗಲೇ ಬರೆದುಕೊಂಡಳು. ಎರಡನೆಯ ರಾತ್ರಿ ಮಧ್ಯಪ್ರದೇಶದ ಸಿವನಿ. ಅದಕ್ಕೂ ಮುನ್ನ ಪೆಂಚ್ ಅರಣ್ಯದಲ್ಲಿ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ, ಹುಲಿ ಮೊದಲಾದ ಪ್ರಾಣಿಗಳು ಕೆಳಗಿನಿಂದ ದಾಟಿಹೋಗುವಂತೆ ಕಟ್ಟಿದ್ದಾರೆಂದು ತಿಳಿದ ಮಗನ ಮುಖ ಅರಳಿತು. ಮರುದಿನ ಲಖನಾದೋನ್‌ನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಸಾಗರ, ಝಾನ್ಸಿಗಳ ಕಡೆಗೆ ಹೋಗುವ 44. ಇನ್ನೊಂದು ಜಬಲ್‌ಪುರ, ರೀವಾಗಳ ಮೇಲೆ ಕಾಶಿಗೆ ಹೋಗುವ ದಾರಿ. "ನಮ್ಮ ಕಾಲಕ್ಕ ಅದು ಏಳನೇ ನಂಬರ್ ರೋಡು, ಕಾಶಿಯಿಂದ ಕನ್ಯಾಕುಮಾರಿ ತನಕ ಒಂದೇ ನಂಬರು" ಎಂದು ಕಾಕಾ ನಕಾಶೆಯ ಮೇಲೆ ಬೆರಳೆಳೆದು ತೋರಿಸಿದರು. ಈಗಿನ ಕ್ರಮದಲ್ಲಿ ಉತ್ತರ-ದಕ್ಷಿಣದ ಮುಖ್ಯ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ-ಪಶ್ಚಿಮದವಕ್ಕೆ ಬೆಸಸಂಖ್ಯೆ. ಮೂರಂಕಿಯವು ಅವುಗಳ ಕವಲುಗಳು. ನಮ್ಮೂರಿನ 167 ಕೂಡ ಕೊಪ್ಪಳ, ಬಳ್ಳಾರಿಗಳನ್ನು ಹಾಯುವ 67ರ ಕವಲೇ. ಇಷ್ಟು ತಿಳಿದಿದ್ದರೆ ಮೊಬೈಲಿಗೆ ಸಿಗ್ನಲ್ ಇಲ್ಲದ ಕಡೆಯೂ ದಿಕ್ಕು ತಪ್ಪುವ ಭಯ ಕಡಿಮೆ.

ಮೂರನೆಯ ರಾತ್ರಿ ರೀವಾದಲ್ಲಿ ಕಳೆದು, ನಾಲ್ಕನೆಯ ದಿನ ಮಧ್ಯಾಹ್ನದೊಳಗೆ ಕಾಶಿ. ನವರಾತ್ರಿಯಲ್ಲಿ ಮಿರ್ಜಾಪುರದ ಪಕ್ಕದ ವಿಂಧ್ಯಾಚಲದ ದೇವಿಗೆ ಅಪಾರ ಜನ ಸೇರುವುದರಿಂದ ಆ ಭಾಗವನ್ನು ಬೆಳಗಿನಲ್ಲೇ ದಾಟಬೇಕೆಂದು ಗುರುತು ಹಾಕಿದೆ. ಕಾಶಿಯಲ್ಲಿ ವಿಶ್ವನಾಥ ಗುಡಿಯ ಹತ್ತಿರದ, ಸದಾ ಜನ ಕಿಕ್ಕಿರಿಯುವ ಗೊದೌಲಿಯಾ ಕಡೆ ಕಾರು ಒಯ್ಯುವ ಯೋಚನೆಯನ್ನೇ ಬಿಟ್ಟು, ಗಾಡಿ ನಿಲ್ಲಿಸಲು ಅಂಗಳವಿರುವ ವಸತಿಯನ್ನು ಊರ ಹೊರಭಾಗದಲ್ಲಿ ಹುಡುಕಿದೆವು.

ಮುಂಗಾರು ವಾಯವ್ಯ ರಾಜಸ್ಥಾನದಿಂದ ಹಿಂದೆ ಸರಿಯಲು ತೊಡಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ 17ಕ್ಕೆ, ಇಡೀ ದೇಶವನ್ನು ಬಿಡುವುದು ಅಕ್ಟೋಬರ್ 15ರ ಹೊತ್ತಿಗೆ. ನಮ್ಮ ರಜೆ ಆ ನಡುವಿನ ಕಾಲದಲ್ಲೇ ಬೀಳುವುದರಿಂದ ಎಲ್ಲಿಯಾದರೂ ಮಳೆ ತಡೆದು ನಿಲ್ಲಿಸಬಹುದೆಂದು ಪಟ್ಟಿಯಲ್ಲಿ ಒಂದು ದಿನವನ್ನು ಖಾಲಿ ಬಿಟ್ಟೆವು. ಗಂಗೆಯ ಆಚೆ ದಡದ ರಾಮನಗರದಲ್ಲಿ ಅನಂತ ಚತುರ್ದಶಿಯಿಂದ ಹುಣ್ಣಿಮೆಯವರೆಗೆ ತಿಂಗಳಿಡೀ ರಾಮಲೀಲೆ ನಡೆಯುತ್ತದೆಂದು ಓದಿ ಹೇಳಿದಾಗ, ಆ ಖಾಲಿ ದಿನವನ್ನು ಅದಕ್ಕೇ ಕೊಡಬೇಕೆಂದು ಅವ್ವ ಪಟ್ಟು ಹಿಡಿದಳು. ಕಾಕಾ ಒಪ್ಪಲಿಲ್ಲ. "ಅದು ಗಾಡಿದು ದಿನ ಐತವ್ವ, ಅದನ್ನ ಮುಟ್ಟಬ್ಯಾಡ್ರಿ" ಎಂದರು. ಕೊನೆಗೆ ಮೊದಲ ಸಂಜೆಯೇ ರಾಮನಗರಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಉಳಿದದ್ದು ಕಾಗದಪತ್ರದ ಕೆಲಸ. ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರಗಳ ಗಡುವು ನೋಡಿದೆ, ಹೆದ್ದಾರಿಯ ಸಹಾಯವಾಣಿ 1033 ಅನ್ನು ಎಲ್ಲರ ಮೊಬೈಲಿನಲ್ಲೂ ಸೇರಿಸಿದೆ. ಫಾಸ್ಟ್ಯಾಗ್‌ನ ವಾರ್ಷಿಕ ಪಾಸಿಗೆ 2025ರ ದರದಂತೆ 3,000 ರೂಪಾಯಿ ಕಟ್ಟಿದರೆ ಒಂದು ವರ್ಷದೊಳಗೆ 200 ಸಲ ಟೋಲ್ ದಾಟಬಹುದಾದ್ದರಿಂದ ಅದನ್ನು ಪಡೆದೆ. ಅದು ರಾಷ್ಟ್ರೀಯ ಹೆದ್ದಾರಿಗಳಿಗೆ ಮಾತ್ರ ಸಲ್ಲುವುದರಿಂದ ಹೈದರಾಬಾದಿನ ಹೊರವರ್ತುಲ ರಸ್ತೆಗಾಗಿ ಫಾಸ್ಟ್ಯಾಗ್‌ನಲ್ಲಿ ಬೇರೆ ಹಣ ಇಟ್ಟೆ. ಸೋಮವಾರ ಶಾಲೆಗೆ ಹೋಗುವ ಮೊದಲು ಕಾರನ್ನು ಗ್ಯಾರೇಜಿಗೆ ಬಿಟ್ಟು, ನಾಲ್ಕು ಟೈರುಗಳ ಜೊತೆಗೆ ಸ್ಟೆಪ್ನಿಯನ್ನೂ ಇಳಿಸಿ ನೋಡಲು ಹೇಳಿದೆ.