ನನ್ನ 640 ರೂಪಾಯಿ

18 ಜೂನ್ 2025, ಬುಧವಾರ
ಮಳೆ ಬಿಟ್ಟಿಲ್ಲ.

ಪರ್ಸ್ ಸಿಕ್ಕಿತು. 640 ರೂಪಾಯಿ ಹಾಗೇ ಇದೆ. "ಸಿಕ್ಕಿತಲ್ಲ, ಮತ್ತೆಂತ ನಿನಗೆ ಬೇಜಾರು?" ಅಮ್ಮ ಆಗಿನಿಂದ ಕೇಳುತ್ತಿದ್ದಾರೆ.

ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತುವ ನೂಕಾಟದಲ್ಲಿ ಬ್ಯಾಗಿನ ಜಿಪ್ ಎಳೆದ ಹಾಗಾಯಿತು. "ಅಯ್ಯೋ, ಪರ್ಸ್!" ಅಂತ ಕೂಗಿದ್ದು ನಾನೇ. ಹಿಡಿದವರು ಬೇರೆ, ಹೊಡೆದವರು ಬೇರೆ. ಪರ್ಸ್ ನನ್ನ ಕೈಗೆ ಬಂದ ಮೇಲೂ ಹೊಡೆಯುತ್ತಲೇ ಇದ್ದರು. ಹದಿನೆಂಟೋ ಹತ್ತೊಂಬತ್ತೋ ಇರಬೇಕು ಹುಡುಗನಿಗೆ. ಬಾರು ಕಿತ್ತ ಒಂದು ನೀಲಿ ಚಪ್ಪಲಿ ಕೆಸರು ನೀರಿನಲ್ಲಿತ್ತು. ಅಷ್ಟು ಪೆಟ್ಟಿನ ನಡುವೆಯೂ ಅವನು ಕಾಲಲ್ಲಿ ಅದನ್ನೇ ತಡಕುತ್ತಿದ್ದ.

"ಸಾಕು ಮಾರಾಯ್ರೆ, ಪೊಲೀಸರಿಗೆ ಕೊಡಿ" ಅಂದೆ. ಅಂದಿದ್ದೇನೆ ಅಂತಲೇ ಸಂಜೆವರೆಗೆ ನಂಬಿದ್ದೆ. ಆಮೇಲೆ ವಾಟ್ಸ್ಯಾಪ್ ಗ್ರೂಪಿಗೆ ವಿಡಿಯೋ ಬಂತು. ನಾಲ್ಕು ಸಲ ನೋಡಿದೆ. ನನ್ನ ಬಾಯಿ ತೆರೆದೇ ಇಲ್ಲ. ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತಿದ್ದೇನೆ.

ಲಾ ಓದುವ ಅಕ್ಕನ ಮಗ ಫೋನ್ ಮಾಡಿದ. "ಚಿಕ್ಕಮ್ಮ, ಕೆಂಪು ಕೊಡೆಯವರು ನೀವಲ್ವಾ?"

ಹೌದು ಅಂದೆ. ಕೋರ್ಟಿಗೆ ಹೋದರೆ ಅವನಿಗೆ ಎಂತ ಶಿಕ್ಷೆ ಅಂತ ಕೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ, ಕದ್ದದ್ದು 5,000 ರೂಪಾಯಿಗಿಂತ ಕಡಿಮೆ, ಮೊದಲ ಸಲದ ಶಿಕ್ಷೆ, ಕದ್ದದ್ದು ವಾಪಸ್ ಆಗಿದೆ ಅಂತಾದರೆ ಸಮುದಾಯ ಸೇವೆಯಂತೆ.

"ಹೊಡೆದವರಿಗೆ?"

"ಅದು 115. ಒಂದು ವರ್ಷದವರೆಗೆ ಜೈಲು, ಇಲ್ಲ 10,000ದವರೆಗೆ ದಂಡ, ಇಲ್ಲ ಎರಡೂ. ಆದರೆ ಕಂಪ್ಲೇಂಟ್ ಕೊಡುವವರು ಯಾರು ಚಿಕ್ಕಮ್ಮ?"

ನನಗೆ ಸಿಟ್ಟು ಬಂದಿರಲಿಲ್ಲ ಅಂತಲ್ಲ. ಅದು ಅಮ್ಮನ ಬಿಪಿ ಮಾತ್ರೆಯ ದುಡ್ಡು. ಕದ್ದದ್ದು ತಪ್ಪೇ, ಅವನಿಗೆ ಶಿಕ್ಷೆ ಆಗಲೇಬೇಕು. ಆದರೆ ಕಳಕೊಂಡವಳು ನಾನು, ಇಷ್ಟು ಸಾಕಾ ಅಂತ ಒಬ್ಬರೂ ನನ್ನನ್ನು ಕೇಳಲಿಲ್ಲ. ನನ್ನ ಪರವಾಗಿ ಅಂತ ಹೊಡೆದರು. ಅವರು ಕೇಳಲಿಲ್ಲ ಸರಿ, ನಾನಾದರೂ ಹೇಳಬಹುದಿತ್ತಲ್ಲ? ನಿಲ್ಲಿಸಿ ಅನ್ನುವ ಹಕ್ಕು ಅಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದದ್ದು ನನಗೆ.

"ಆ ಪರ್ಸ್ ನನ್ನದು. ದಯವಿಟ್ಟು ವಿಡಿಯೋ ತೆಗೆಯಿರಿ" ಅಂತ ಗ್ರೂಪಿನಲ್ಲಿ ಹಾಕಿದ್ದೇನೆ. ಯಾರೂ ಉತ್ತರ ಕೊಟ್ಟಿಲ್ಲ.

ಗಂಜಿ ಆರುತ್ತದೆ ಅಂತ ಅಮ್ಮ ಕರೆಯುತ್ತಿದ್ದಾರೆ. ಹುಡುಗನನ್ನು ಕೊನೆಗೆ ಯಾರು ಕರಕೊಂಡು ಹೋದರು, ಎಲ್ಲಿಗೆ, ನಾನು ನೋಡಲೇ ಇಲ್ಲ. ಮುಂದಿನ ಬಸ್ ಬಂತು, ಸೀಟ್ ಖಾಲಿಯಿತ್ತು, ಹತ್ತಿ ಕೂತೆ, ಆಮೇಲೆ ಕಿಟಕಿಯಿಂದ