ಮೊದಲ ವರ್ಷದಲ್ಲಿ ಅಲ್ಲಿ ಕಲಿತದ್ದೇನು?

ಬಿ.ಎ. ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ನಮ್ಮ ಬೇಲೂರು ಕಡೆಯ ಹುಡುಗರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕ್ಯಾಂಪಸ್ಸಾದ ಮಾನಸಗಂಗೋತ್ರಿಯಲ್ಲಿ ಎಂ.ಎ. ಮೊದಲ ವರ್ಷ ಹೇಗಿತ್ತು, ಡಿಗ್ರಿಯಲ್ಲಿ ಓದಿದ ಇತಿಹಾಸವನ್ನೇ ಅಲ್ಲಿಯೂ ಓದಿಸುತ್ತಾರೆಯೇ, ಅಥವಾ ಬೇರೆ ಏನಾದರೂ ಉಂಟೇ? ನಿಂತ ನಿಲುವಿನಲ್ಲಿ ನಾನು ಕೊಡುತ್ತ ಬಂದ ಉತ್ತರ "ಚೆನ್ನಾಗಿತ್ತು, ಸೇರಿಕೊ" ಎಂಬಷ್ಟೇ. ಅದು ಉತ್ತರವಲ್ಲವೆಂದು ನನಗೂ ಗೊತ್ತು, ಕೇಳಿದವರಿಗೂ ಗೊತ್ತು; ಆದ್ದರಿಂದ ಸಾವಕಾಶವಾಗಿ ಕುಳಿತು ಬರೆಯುತ್ತಿದ್ದೇನೆ.

ನಾನು ಸೇರಿದ್ದು 2016ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯಕ್ಕೆ ನೂರು ತುಂಬಿದ ವರ್ಷ. ವಿಷಯ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ. ಹಾಸ್ಟೆಲಿನ ತಿಳಿಸಾರು, ಊರಿನ ನೆನಪು, ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ನಡಿಗೆ ಇವೆಲ್ಲ ಅಲ್ಲಿಗೆ ಹೋದ ಎಲ್ಲರಿಗೂ ಇದ್ದದ್ದೇ; ಅವುಗಳ ಬಗ್ಗೆ ಹೇಳಿ ಯಾರ ಹೊತ್ತನ್ನೂ ಕಳೆಯುವುದಿಲ್ಲ.

ಹೇಳಬೇಕಾದದ್ದು ಮೊದಲ ಸೆಮಿನಾರಿನ ವಿಷಯ. ಊರಿಗೆ ಹತ್ತಿರದ್ದೆಂಬ ಅಭಿಮಾನದಿಂದ ನಾನು ಹಲ್ಮಿಡಿ ಶಾಸನವನ್ನು ಆರಿಸಿಕೊಂಡಿದ್ದೆ. ಡಿಗ್ರಿಯಲ್ಲಿ ಮೂರು ವರ್ಷ ಕೈಹಿಡಿದು ನಡೆಸಿದ ಗೈಡಿನ ಧಾಟಿಯಲ್ಲಿಯೇ "ಕ್ರಿ.ಶ. 450ರ ಈ ಶಾಸನವು ಕನ್ನಡದ ಮೊಟ್ಟಮೊದಲ ಶಾಸನವಾಗಿದೆ" ಎಂದು ಶುರುಮಾಡಿದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅಧ್ಯಾಪಕರು ದನಿಯೆತ್ತದೆ, "450 ಎಂದು ಶಾಸನದ ಎಷ್ಟನೆಯ ಸಾಲಿನಲ್ಲಿದೆ?" ಎಂದರು. ಇರುವುದು ಹದಿನಾರು ಸಾಲು. ನಾನು ಅದರಲ್ಲಿ ಒಂದನ್ನೂ ಓದಿರಲಿಲ್ಲ. ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲವೆಂದೂ, ಲಿಪಿಯ ರೂಪವನ್ನೂ ಅದರಲ್ಲಿ ಬರುವ ಕದಂಬ ಕಾಕುಸ್ಥನ ಹೆಸರನ್ನೂ ಆಧರಿಸಿ ವಿದ್ವಾಂಸರು ಸುಮಾರಾಗಿ ಊಹಿಸಿದ ಕಾಲವದು ಎಂದೂ ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದದ್ದು "ಪುಸ್ತಕದಲ್ಲಿತ್ತು ಸರ್" ಎಂಬ ಮಾತು. "ಅದರ ಆಕರ ಯಾವುದು?" ಎಂದು ಅವರು ಮತ್ತೆ ಕೇಳಿದರು. ಆಕರ ಎಂಬ ಪದವನ್ನು ನಾನು ಪರೀಕ್ಷೆಗಳಲ್ಲಿ ಎಷ್ಟೋ ಸಲ ಬರೆದಿದ್ದೆ. ಯಾರಾದರೂ ನನ್ನನ್ನೇ ಕೇಳಿದ್ದು ಅದೇ ಮೊದಲು.

ಮರುದಿನ ಗ್ರಂಥಾಲಯದಲ್ಲಿ ಮಧ್ಯಾಹ್ನವಿಡೀ ಕುಳಿತೆ. ಬಿ.ಎಲ್. ರೈಸರು ಸಂಪಾದಿಸಿದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟವನ್ನು ತೆಗೆದು ಬೇಲೂರು ತಾಲ್ಲೂಕಿನ ಪುಟಗಳನ್ನು ಒಂದೊಂದಾಗಿ ಮಗುಚಿದೆ. ಹಲ್ಮಿಡಿ ಶಾಸನ ಅಲ್ಲಿರಲಿಲ್ಲ. ಹಾಳೆ ಕಳಚಿರಬೇಕೆಂದುಕೊಂಡು ಕೊನೆಯ ಸೂಚಿಯನ್ನೂ ನೋಡಿ ಕಡೆಗೆ ಗ್ರಂಥಾಲಯದ ಸಿಬ್ಬಂದಿಯ ಮುಂದೆ ದೂರು ಒಯ್ದೆ. ಅವರು ಸಂಪುಟದ ಮೊದಲ ಪುಟವನ್ನು ತೆರೆದು ಬೆರಳಿಟ್ಟು ತೋರಿಸಿದರು: 1902. ಶಾಸನವು ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದದ್ದು 1936ರಲ್ಲಿ. ಸಿಗುವುದಕ್ಕೆ ಮೂವತ್ತನಾಲ್ಕು ವರ್ಷ ಮೊದಲೇ ಅಚ್ಚಾದ ಪುಸ್ತಕದಲ್ಲಿ ನಾನು ಅದನ್ನು ಹುಡುಕುತ್ತಿದ್ದೆ! ಕೃಷ್ಣ ಅವರು ಇದೇ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದರು, ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರೂ ಆಗಿದ್ದರು. ಶಾಸನವು ಪ್ರಕಟವಾದದ್ದು ಆ ಇಲಾಖೆಯ ವಾರ್ಷಿಕ ವರದಿಯಲ್ಲಿ. ಕೊನೆಗೆ ಆ ವರದಿ ಕೈಗೆ ಸಿಕ್ಕಾಗ, ಗೈಡಿನ ಒಂದೂವರೆ ಸಾಲಿನ ಹಿಂದೆ ಇಷ್ಟು ದೊಡ್ಡ ವಾದವಿತ್ತೇ ಎಂದು ದಂಗಾದೆ.

ಇಂಗ್ಲಿಷಿನ ಭಯದ ಬಗ್ಗೆಯೂ ಹಲವರು ಕೇಳುತ್ತಾರೆ. ನಾನು ಒಂದನೇ ತರಗತಿಯಿಂದ ಬಿ.ಎ.ವರೆಗೂ ಕನ್ನಡ ಮಾಧ್ಯಮದವನು. ಉತ್ತರವನ್ನು ಕನ್ನಡದಲ್ಲಿ ಬರೆಯಬಹುದಾಗಿದ್ದರೂ ಓದಬೇಕಾದ ಬಹುಪಾಲು ಸಾಮಗ್ರಿ ಇಂಗ್ಲಿಷಿನಲ್ಲಿತ್ತು, ಮೊದಲ ಸೆಮಿಸ್ಟರಿನಲ್ಲಿ ಒಂದು ಪುಟ ಓದುವುದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆದರೆ ಹಳಗನ್ನಡದ ಮುಂದೆ ಕೂತಾಗ ಎಲ್ಲರೂ ಒಂದೇ. ಇಂಗ್ಲಿಷ್ ಮಾಧ್ಯಮದಿಂದ ಬಂದ ಗೆಳೆಯರು ಶಾಸನದ "ಬಾಳ್ಗೞ್ಚು" ಎಂಬ ಪದದ ಬಳಿ ನಿಂತುಬಿಟ್ಟರೆ, ಕತ್ತಿಯನ್ನು ತೊಳೆದು ಕೊಟ್ಟ ದತ್ತಿ, ಅಂದರೆ ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಊರುಗಳನ್ನು ಬಿಟ್ಟುಕೊಟ್ಟ ಕ್ರಮ ಎಂದು ವಿವರಿಸುವ ಸರದಿ ನನ್ನದಾಗುತ್ತಿತ್ತು. ಬಾಳು ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಅಡುಗೆಮನೆಯ ಕಲಗಚ್ಚಿನಲ್ಲಿ ಇರುವ ಕಚ್ಚು ಅದೇ ಇರಬೇಕೆಂದು ನನಗೆ ಹೊಳೆದಾಗ ಆದ ಖುಷಿಯನ್ನು ಯಾವ ಅಂಕಪಟ್ಟಿಯೂ ಕೊಡಲಿಲ್ಲ.

ಎರಡನೆಯ ಸೆಮಿಸ್ಟರಿನಲ್ಲಿ ಕ್ಷೇತ್ರಕಾರ್ಯಕ್ಕೆಂದು ಹೋದ ಒಂದು ಹಳ್ಳಿಯಲ್ಲಿ ವೀರಗಲ್ಲಿನ ಪಡಿಯಚ್ಚು ತೆಗೆಯುವುದನ್ನು ಕಲಿಸಿದರು. ಕಲ್ಲನ್ನು ತೊಳೆದು ಪಾಚಿ ಕಿತ್ತು, ಒದ್ದೆ ಕಾಗದವನ್ನು ಹಾಸಿ, ಅಕ್ಷರದ ಕುಳಿಯೊಳಕ್ಕೆ ಅದು ಇಳಿಯುವವರೆಗೆ ಬ್ರಷ್ಷಿನಿಂದ ಬಡಿಯಬೇಕು. ನಡುವೆ ಗಾಳಿಯ ಗುಳ್ಳೆ ಉಳಿದರೆ ಅಲ್ಲೊಂದು ಅಕ್ಷರ ಹೋದಂತೆ. ಹೆಚ್ಚು ಬಡಿದರೆ ಕಾಗದವೇ ಹರಿಯುತ್ತದೆ. ಅರೆ ಒಣಗಿದ ಮೇಲೆ ಮಸಿಯ ಬಟ್ಟೆಯುಂಡೆಯನ್ನು ಮೆಲ್ಲಗೆ ಒತ್ತುತ್ತ ಹೋದರೆ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತವೆ. ನನ್ನ ಮೊದಲ ಎರಡು ಕಾಗದ ಹರಿದವು. ಮೂರನೆಯದರಲ್ಲಿ, ಹೋರಾಡುವ ವೀರನ ಚಿತ್ರದ ಮೇಲಿನ ಪಟ್ಟಿಕೆಯಲ್ಲಿ, "ಸತ್ತ" ಎಂಬ ಎರಡಕ್ಷರ ಸ್ಪಷ್ಟವಾಗಿ ಮೂಡಿತು. ಬಿಸಿಲಿನಲ್ಲಿ ಮೂರು ಗಂಟೆ ನಿಂತದ್ದಕ್ಕೆ ಎರಡಕ್ಷರ!

ಅದೇ ದಿನಗಳಲ್ಲಿ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ (ಸಿಂಹದ ಕೆತ್ತನೆಯ ಕಟಕಟೆ) ಶಾಸನ ಹಲ್ಮಿಡಿಗಿಂತ ಹಳೆಯದು, 370ರದ್ದು ಎಂಬ ಮಾತು ಸುದ್ದಿಯಾಗಿತ್ತು. ಒಂದು ವರ್ಷ ಮೊದಲಾಗಿದ್ದರೆ ನಮ್ಮೂರ ಕಡೆಯ ಕಲ್ಲಿಗೆ ಅವಮಾನವಾಯಿತೆಂದು ಜಗಳಕ್ಕೆ ನಿಲ್ಲುತ್ತಿದ್ದೆನೋ ಏನೋ. ಆಗ ಮಾತ್ರ ಮೊದಲು ಕೇಳಿದ್ದು, 370 ಎಂದು ಯಾವ ಆಧಾರದ ಮೇಲೆ ಹೇಳಿದ್ದಾರೆ ಎಂದು.

ಅಂಕಗಳ ಬಗ್ಗೆ ಕೇಳುವವರಿಗೆ ಒಂದು ಮಾತು: ಮೊದಲ ಸೆಮಿಸ್ಟರಿನಲ್ಲಿ ನನಗೆ ಬಿ.ಎ.ಯಲ್ಲಿ ಬರುತ್ತಿದ್ದುದಕ್ಕಿಂತ ಕಡಿಮೆಯೇ ಬಂದವು. ಕೆಲಸ ಸಿಗುತ್ತದೆಯೇ ಎಂಬುದು ನ್ಯಾಯವಾದ ಪ್ರಶ್ನೆ, ಆದರೆ ಅದಕ್ಕೆ ಉತ್ತರ ಮೊದಲ ವರ್ಷದಲ್ಲಿ ಇಲ್ಲ.

ಬೇಸಿಗೆ ರಜೆಗೆ ಊರಿಗೆ ಬಂದಾಗ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಹಲ್ಮಿಡಿಗೆ ಹೋದೆ. ಮೂಲ ಶಾಸನ ಈಗ ಅಲ್ಲಿಲ್ಲ, ಊರಿನಲ್ಲಿ ನಿಲ್ಲಿಸಿರುವುದು ಅದರ ಪ್ರತಿಕೃತಿ. ಮೊದಲ ಸಾಲಿನಿಂದ ಬೆರಳಿಟ್ಟು ಓದತೊಡಗಿದೆ. ಅಲ್ಲಿರುವುದು ಸಂಸ್ಕೃತ, ವಿಷ್ಣುವಿನ ಸ್ತುತಿ. "ಕನ್ನಡದ್ದು ಅಂದೆಯಲ್ಲೋ" ಎಂದರು ಅಪ್ಪ. ಸ್ವಲ್ಪ ತಡೆಯಿರಿ, ಮುಂದಿದೆ ಎಂದು ಬೆರಳನ್ನು ಕೆಳಗಿನ ಸಾಲಿಗೆ ಇಳಿಸಿದೆ.