ಕುಕ್ಕರಿನ ತಳದ ಕಳ್ಳಗಾಳಿ

ಮೂರು ಭಾನುವಾರಗಳಿಂದ ನನ್ನ ನಿದ್ದೆ ಕೆಡಿಸಿದ್ದ ಎರಡು ಚಿಲ್ಲರೆ ಲೀಟರ್ ಗಾಳಿ ನಿನ್ನೆ ಸಂಜೆ ಕೈಗೆ ಸಿಕ್ಕಿಬಿದ್ದಿತು.

ನೆಲದಡಿಯ ನಿಕ್ಷೇಪದಲ್ಲಿ ಎಷ್ಟು ಅನಿಲವಿದೆಯೆಂದು ಲೆಕ್ಕ ಹಾಕುವ ಬಗೆಯನ್ನು ಮನೆಯಲ್ಲೇ ಪರೀಕ್ಷಿಸಲು ಮಾಡಿಕೊಂಡ ಅದೇ ಹಳೆಯ ಮಾದರಿ: ಹನ್ನೆರಡು ಲೀಟರಿನ ಕುಕ್ಕರ್, ಕಂಠಮಟ್ಟ ತೊಳೆದ ಎಂ-ಸ್ಯಾಂಡ್, ತಳದಲ್ಲಿ ಜಲಸ್ತರದ ಹೆಸರಿಗೆ ಒಂದಿಷ್ಟು ನೀರು, ಸೈಕಲ್ ಪಂಪಿನಿಂದ ತುಂಬಿದ ಗಾಳಿ. ವಾಲ್ವ್ ಕೂರಿಸಿದ ಪುರಾಣ ಬೇಡ. ಸೇಫ್ಟಿ ಪ್ಲಗ್ ಮುಟ್ಟಿಲ್ಲ, ಒತ್ತಡ 0.9 ಬಾರ್ ದಾಟಿಲ್ಲ. ಬೈಯಲು ಕಾದಿರುವವರು ಇಷ್ಟನ್ನು ಗಮನಿಸಬೇಕು.

ಒತ್ತಡಮಾಪಕದ ಅಂಗಡಿಯವನಿಗೆ ಮಾತ್ರ ಎರಡು ಮಾತು ಹೇಳಲೇಬೇಕು. ನಾನು ಕೇಳಿದ್ದು 2.5 ಬಾರಿನದು, ಬಂದದ್ದು 25 ಬಾರಿನದು. ಮುಳ್ಳು ಅಲುಗುವುದಿಲ್ಲ ಎಂದರೆ, ‘ಹೆಚ್ಚು ತಾಕತ್ತಿನದೇ ಕೊಟ್ಟಿದ್ದೇವೆ ಸಾರ್’ ಎಂದ. ಮರಳಿನವನದು ಇನ್ನೊಂದು ಬಗೆ: ಒಂದು ಟ್ರ್ಯಾಕ್ಟರಿಗಿಂತ ಕಡಿಮೆ ಮಾರುವುದಿಲ್ಲವಂತೆ. ಕೊನೆಗೆ ಎದುರು ಸೈಟಿನ ಮೇಸ್ತ್ರಿ ಒಂದು ಚೀಲ ಕೊಟ್ಟ, ಏಕೆಂದು ಕೇಳದೆ.

ಲೆಕ್ಕಕ್ಕೆ ಬರೋಣ. ವ್ಯಾಸ 24 ಸೆಂ.ಮೀ., ನೀರಿನ ಮೇಲೆ ಮರಳಿನ ಎತ್ತರ 18 ಸೆಂ.ಮೀ., ಸರಂಧ್ರತೆ (ಮರಳಿನಲ್ಲಿ ಕಣಗಳ ನಡುವಿನ ಖಾಲಿ ಜಾಗದ ಪಾಲು) 0.40. ರಂಧ್ರಗಳ ಜಾಗ 3.26 ಲೀಟರ್, ಹೊರಗಿನ ಒತ್ತಡಕ್ಕೆ ತಂದರೆ 6.5 ಲೀಟರ್ ಗಾಳಿ. ಇದು ಅಳತೆಯ ಅಂದಾಜು. ಇನ್ನೊಂದು ದಾರಿ ಪಿ/ಜೆಡ್, ಅಂದರೆ ಒತ್ತಡವನ್ನು (ಪಿ) ಅನಿಲ ಆದರ್ಶ ನಿಯಮದಿಂದ ಎಷ್ಟು ಸರಿಯುತ್ತದೆಂಬ ಅಂಕಿಯಿಂದ (ಜೆಡ್) ಭಾಗಿಸಿ ಹಾಕುವ ನಕ್ಷೆ: ಅರ್ಧರ್ಧ ಲೀಟರ್ ಹೊರಬಿಟ್ಟು, ಬಕೆಟ್ಟಿನಲ್ಲಿ ಮಗುಚಿದ ಬಾಟಲಿಯಲ್ಲಿ ಅಳೆದು, ಒತ್ತಡ ಬರೆದುಕೊಂಡು, ಗೆರೆಯನ್ನು ಸೊನ್ನೆ ಒತ್ತಡದವರೆಗೆ ಎಳೆಯುವುದು; ಅಲ್ಲಿ ಸಿಗುವುದೇ ಒಟ್ಟು ಗಾಳಿ. ಈ ಒತ್ತಡದಲ್ಲಿ ಜೆಡ್ ಒಂದೇ ಎನ್ನಿ.

ಚುಕ್ಕಿಗಳು ಸ್ಕೇಲ್ ಇಟ್ಟಂತೆ ಸಾಲಾಗಿ ಕೂತವು. ಗೆರೆ ಸೊನ್ನೆ ಮುಟ್ಟಿದ್ದು 9.4 ಲೀಟರಿನಲ್ಲಿ!

ಅದರಲ್ಲಿ ಅರ್ಧ ಲೀಟರ್ ನನ್ನ ಪೆದ್ದುತನ. ಮಾಪಕ ತೋರಿಸಿದ ಒತ್ತಡಕ್ಕೆ ವಾಯುಭಾರವೆಂದು ಪುಸ್ತಕದ 1.01 ಬಾರ್ ಕೂಡಿಸಿದ್ದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ಸಿಗುವುದು 0.91 ಮಾತ್ರ. ತಿದ್ದಿದರೆ 8.9. ಆದರೂ ಅಳತೆಯ ಅಂದಾಜಿಗಿಂತ ಶೇ. 37 ಹೆಚ್ಚು. 1959ರಲ್ಲಿ ನೆದರ್ಲೆಂಡ್ಸಿನಲ್ಲಿ ಸಿಕ್ಕ ಗ್ರೋನಿಂಗೆನ್ ನಿಕ್ಷೇಪದ ಮೂಲ ಅನಿಲ ಸುಮಾರು 2.8 ಲಕ್ಷ ಕೋಟಿ ಘನ ಮೀಟರ್. ಅಲ್ಲಿ ಇಷ್ಟು ತಪ್ಪಿದ್ದರೆ ಒಂದು ಲಕ್ಷ ಕೋಟಿ ಘನ ಮೀಟರ್ ಬರೀ ಕಾಗದದ ಮೇಲೆ ಉಳಿಯುತ್ತಿತ್ತು.

ಸೋರಿಕೆಯೇ? ಸೋರಿದ್ದರೆ ಒತ್ತಡ ಬೇಗ ಇಳಿದು ಅಂದಾಜು ಕಡಿಮೆ ಬರಬೇಕಿತ್ತು. ಉಷ್ಣತೆಯೇ? ಐದು ನಿಮಿಷದ ಬದಲು ಇಪ್ಪತ್ತು ನಿಮಿಷ ಕಾದೆ, ಮುಳ್ಳು ಕದಲಲಿಲ್ಲ. ಸರಂಧ್ರತೆ ತಪ್ಪಿತೇ? ಲೆಕ್ಕ ಕೂಡಬೇಕಾದರೆ ಅದು 0.55 ಆಗಬೇಕು, ಅದು ಮರಳಲ್ಲ, ರವೆ ಇಡ್ಲಿ. ಉಳಿದದ್ದು ನೀರಿನ ಒತ್ತಾಸೆ, ಅಂದರೆ ಅನಿಲ ಖಾಲಿಯಾದಂತೆ ನೀರು ನುಗ್ಗಿ ಒತ್ತಡ ಇಳಿಯದಂತೆ ಕಾಯುವುದು. ಆದರೆ ಹೊರಗಿನಿಂದ ನೀರು ಬರಲು ಕುಕ್ಕರಿಗೆ ದಾರಿಯೆಲ್ಲಿದೆ? ಅನುಮಾನಕ್ಕೆ, ಇಂಥ ನೀರನ್ನು ಪತ್ತೆಹಚ್ಚುವ ಕೋಲ್ ನಕ್ಷೆಯನ್ನೂ ಹಾಕಿದೆ. ನೀರಿನ ಕೈವಾಡವಿದ್ದರೆ ಗೆರೆ ಬಾಗಬೇಕು. ಅದು ಮಲಗಿದ ಎಮ್ಮೆಯಂತೆ ಚಪ್ಪಟೆಯಾಗಿತ್ತು.

ಸಿಟ್ಟಿನಿಂದ ಸೌಟು ಹಿಡಿದು ಮರಳನ್ನೆಲ್ಲ ಬಗೆದೆ. ಮರಳಿನ ಕೆಳಗೆ ಹಾಸಿದ್ದ ಬಟ್ಟೆ ತೆಗೆದೆ, ಮರಳನ್ನು ಹೊತ್ತಿದ್ದ ಇಡ್ಲಿ ತಟ್ಟೆ ತೆಗೆದೆ. ತಟ್ಟೆಗೆ ಆಸರೆಯಾಗಿ ನೀರಿನಲ್ಲಿ ಬೋಗುಣಿಯೊಂದನ್ನು ಬೋರಲು ಹಾಕಿದ್ದೆ. ಅದರ ಅಂಚು ಎತ್ತಿದ ಕೂಡಲೇ ಬುಳಕ್ಕನೆ ಒಂದು ದೊಡ್ಡ ಗುಳ್ಳೆ ಎದ್ದು ಮುಖಕ್ಕೆ ನೀರು ಸಿಡಿಯಿತು.

ಬೋಗುಣಿಯ ಹೊಟ್ಟೆಯಲ್ಲಿ 1.2 ಲೀಟರ್ ಗಾಳಿ ಸೆರೆಯಾಗಿತ್ತು! ಪಂಪ್ ಹೊಡೆದಾಗ ನೀರು ಒಳನುಗ್ಗಿ ಅದನ್ನು ಅರ್ಧಕ್ಕೆ ಹಿಂಡುತ್ತದೆ. ನಾನು ಮೇಲಿನಿಂದ ಬಿಡುತ್ತ ಹೋದಂತೆ ಅದು ಹಿಗ್ಗಿ ನೀರನ್ನು ಮರಳಿನತ್ತ ನೂಕಿ ಒತ್ತಡ ಕಾಯುತ್ತದೆ. ಅದೂ ಗಾಳಿಯೇ ಆದ್ದರಿಂದ ಗಾಳಿಯ ನಿಯಮದಂತೆಯೇ ಹಿಗ್ಗುತ್ತದೆ. ಪಿ/ಜೆಡ್ ಗೆರೆಗೂ ಕೋಲ್ ನಕ್ಷೆಗೂ ಭೇದ ತಿಳಿಯುವುದಿಲ್ಲ. ಹೊರಗೆಂದೂ ಬಾರದ ಗಾಳಿಯನ್ನು ನಿಕ್ಷೇಪಕ್ಕೆ ಜಮಾ ಮಾಡಿಕೊಂಡು ನೇರ ಗೆರೆ ಎಳೆದುಕೊಡುತ್ತವೆ. ನೀರಿನ ಒತ್ತಾಸೆಯಿರುವ ನಿಜವಾದ ನಿಕ್ಷೇಪಗಳಲ್ಲೂ ಮೊದಲ ಕೆಲವು ವರ್ಷಗಳ ಚುಕ್ಕಿಗಳು ಹೀಗೆಯೇ ನೇರವಾಗಿ ಕಂಡು ದಾರಿ ತಪ್ಪಿಸುವುದುಂಟು. ಓದಿದ್ದೆ, ನಂಬಿರಲಿಲ್ಲ.

ಬೋಗುಣಿಯ ಜಾಗಕ್ಕೆ ಮೂರು ಜಲ್ಲಿಕಲ್ಲು ಇಟ್ಟು, ನೀರನ್ನು ಅದೇ ಮಟ್ಟಕ್ಕೆ ತಂದು, ರಾತ್ರಿ ಹನ್ನೊಂದಕ್ಕೆ ಮತ್ತೆ ಓಡಿಸಿದೆ. 6.3 ಲೀಟರ್. ಕಡಿಮೆ ಬಿದ್ದ 0.2 ಮರಳು ಹೀರಿಕೊಂಡ ತೇವದ ಪಾಲಿರಬೇಕು, ಅದರ ಗೊಡವೆಗೆ ಈಗ ಹೋಗುವುದಿಲ್ಲ.

ಏಕೆಂದರೆ ತಲೆಯಲ್ಲಿ ಆಗಲೇ ಗೋಲಿ ಸೋಡಾ ಹೊಕ್ಕಿದೆ. ಎಣ್ಣೆಯಲ್ಲಿ ಕರಗಿದ ಅನಿಲ ಬೇರ್ಪಡುವುದನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಬಾಟಲಿ ಯಾವುದಿದೆ? ಆಮೇಲೆ, ಒಟ್ಟು ಎಷ್ಟಿತ್ತೆಂಬ ಇಂಥದೇ ಲೆಕ್ಕಕ್ಕೆ, ವೋಲ್ವೆ ಎಂಬ ಎಣ್ಣೆ ನಿಕ್ಷೇಪ. ಉತ್ತರ ಸಮುದ್ರದ ಆ ನಾರ್ವೆ ನಿಕ್ಷೇಪದ ಮಾಹಿತಿಯನ್ನೆಲ್ಲ 2018ರಲ್ಲಿ ಈಕ್ವಿನಾರ್ ಕಂಪನಿ ಬಿಚ್ಚಿಟ್ಟಿದೆ. 2008ರಿಂದ 2016ರವರೆಗೆ ತೆಗೆದದ್ದು ಸುಮಾರು 6.3 ಕೋಟಿ ಬ್ಯಾರೆಲ್, ಇದ್ದುದರ ಶೇ. 54. ಉತ್ತರ 11.7 ಕೋಟಿಯ ಆಸುಪಾಸು ಎಂದು ಮೊದಲೇ ಗೊತ್ತು. ಅಲ್ಲಿ ನೀರನ್ನು ಬೇಕೆಂದೇ ಒಳಕ್ಕೆ ನೂಕಿದ್ದರು, ಬೋಗುಣಿಯ ಕಾಟವಿಲ್ಲ.

ಇಡ್ಲಿ ತಟ್ಟೆಯನ್ನು ಮೂರು ಸಲ ತೊಳೆದು ಅಡುಗೆಮನೆಗೆ ಹಿಂದಿರುಗಿಸಿದ್ದೇನೆ. ಇಂದು ಬೆಳಿಗ್ಗೆ ಇಡ್ಲಿಯಲ್ಲಿ ಮರಳು ಸಿಕ್ಕಿತೆಂಬ ದೂರು ಬಂದಿದೆ. ಒಂದೇ ಕಣ, ಅದೂ ಸಣ್ಣದು.